ಒಂದು ಅಸೈನ್‌ಮೆಂಟ್ ಪ್ರಶ್ನೆಯ ಪ್ರಕರಣ ಅಧ್ಯಯನ: ನಗರ ದಂಗೆ ಮತ್ತು 1831ರ ಆಡಳಿತ ಸ್ವಾಧೀನ

ಬಿ.ಎ. ತರಗತಿಯ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸಂಯೋಜನೆಯಲ್ಲಿ, ಅಂದರೆ ವಿದ್ಯಾರ್ಥಿಗಳು ಎಚ್‌ಇಪಿ ಎಂದು ಕರೆಯುವ ಗುಂಪಿನಲ್ಲಿ, ಆಂತರಿಕ ಮೌಲ್ಯಮಾಪನಕ್ಕಾಗಿ ಕೊಡುವ ಅಸೈನ್‌ಮೆಂಟ್ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನಿಂದ ಬಂದಂತೆ ಇರುತ್ತವೆ. ಒಂದು ಘಟನೆಯ ಹೆಸರು, ಅದರ ಕಾರಣಗಳು, ಅದರ ಪರಿಣಾಮಗಳು, ಕೊನೆಗೆ ‘ವಿಮರ್ಶಿಸಿ’ ಎಂಬ ಕ್ರಿಯಾಪದ. ಇಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿರುವುದು ಅಂಥದೇ ಒಂದು ಪ್ರಶ್ನೆ: ‘1830–31ರ ನಗರ ದಂಗೆಯ ಕಾರಣಗಳನ್ನು ತಿಳಿಸಿ, ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ವಹಿಸಿಕೊಳ್ಳಲು ಅದು ಹೇಗೆ ಕಾರಣವಾಯಿತೆಂಬುದನ್ನು ವಿಮರ್ಶಿಸಿ.’ ‘ನಗರ’ ಎಂಬುದು ಇಲ್ಲಿ ಊರಿನ ಹೆಸರು: ಹಿಂದೆ ಬಿದನೂರು ಎನಿಸಿದ್ದ ಮಲೆನಾಡಿನ ಪಟ್ಟಣ ಮತ್ತು ಅದರ ಸುತ್ತಲಿನ ಸೀಮೆ. ಈ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿನಿ ಬರೆದ ಮೊದಲ ಉತ್ತರ, ಅದನ್ನು ತಿದ್ದಿ ಬರೆದ ಎರಡನೆಯ ಉತ್ತರ, ಆ ಬಳಿಕ ನಿಂತ ಮೂರನೆಯ ರೂಪ, ಇವುಗಳ ನಡುವೆ ಏನೇನು ಬದಲಾಯಿತು, ಏಕೆ ಬದಲಾಯಿತು ಎಂಬುದೇ ಈ ಬರಹದ ವಿಷಯ.

ಮೊದಲ ಉತ್ತರ ಗೈಡು ಪುಸ್ತಕದ ಕ್ರಮವನ್ನೇ ಅನುಸರಿಸಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ದುಂದುವೆಚ್ಚ, ಅಮಲ್ದಾರರ ಸುಲಿಗೆ, ಶರತ್ತು ಪದ್ಧತಿ, ಕೆಳದಿ ಅರಸರ ವಂಶಸ್ಥನೆಂದು ಹೇಳಿಕೊಂಡ ಬೂದಿ ಬಸವಪ್ಪನ ನಾಯಕತ್ವ, ತರೀಕೆರೆಯ ಪಾಳೆಯಗಾರ ಮನೆತನದ ಬೆಂಬಲ, ಹೀಗೆ ಒಂದರ ಕೆಳಗೊಂದು ಶೀರ್ಷಿಕೆಗಳಿದ್ದವು. ಕೊನೆಯಲ್ಲಿ ಒಂದು ವಾಕ್ಯವಿತ್ತು: ‘ರಾಜನು ಪೊಗದಿಯನ್ನು ಸಲ್ಲಿಸಲು ವಿಫಲನಾದುದರಿಂದಲೂ ದಂಗೆಯನ್ನು ಹತ್ತಿಕ್ಕಲಾರದೆ ಹೋದುದರಿಂದಲೂ ಬೆಂಟಿಂಕನು ಆಡಳಿತವನ್ನು ವಹಿಸಿಕೊಂಡನು.’ (ಪೊಗದಿ ಎಂದರೆ ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿವರ್ಷ ಕೊಡಬೇಕಾದ ಕಪ್ಪ; ಬೆಂಟಿಂಕ್ ಆಗಿನ ಗವರ್ನರ್ ಜನರಲ್.) ಬರವಣಿಗೆ ಅಚ್ಚುಕಟ್ಟಾಗಿತ್ತು, ಕಾಗುಣಿತದ ತಪ್ಪುಗಳೂ ಇರಲಿಲ್ಲ. ಆದರೂ ಇದು ಉತ್ತರವಾಗಿರಲಿಲ್ಲ. ಏಕೆಂದರೆ ಪ್ರಶ್ನೆಯೊಳಗೇ ಒಂದು ಹೇಳಿಕೆ ಅಡಗಿತ್ತು: ದುರಾಡಳಿತದಿಂದ ದಂಗೆ, ದಂಗೆಯಿಂದ ಸ್ವಾಧೀನ. ವಿದ್ಯಾರ್ಥಿನಿ ಆ ಹೇಳಿಕೆಯನ್ನು ಒಪ್ಪಿಕೊಂಡು ಅದಕ್ಕೆ ವಿವರ ತುಂಬಿದ್ದಳೇ ಹೊರತು ಅದರ ಎರಡು ಕೊಂಡಿಗಳಲ್ಲಿ ಒಂದನ್ನೂ ಎಳೆದು ನೋಡಿರಲಿಲ್ಲ. ಸಮಾಜ ವಿಜ್ಞಾನಗಳ ಮನೆಗೆಲಸದಲ್ಲಿ ನಾನು ಹೆಚ್ಚಾಗಿ ಕಾಣುವ ಕೊರತೆ ಇದೇ. ಮಾಹಿತಿಯ ಅಭಾವ ಅಷ್ಟಿರುವುದಿಲ್ಲ, ಪ್ರಶ್ನೆ ಕೇಳಿದವರು ಮೊದಲೇ ಒಪ್ಪಿಕೊಂಡಿರುವುದನ್ನು ಗುರುತಿಸುವ ಅಭ್ಯಾಸದ ಅಭಾವ ಇರುತ್ತದೆ. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ಕೇಳಿ ಬರೆದುಕೊಂಡು ಬರುವ ಉತ್ತರಗಳಲ್ಲಿ ಭಾಷೆ ಇನ್ನಷ್ಟು ನಯವಾಗಿರುತ್ತದೆ, ಆದರೆ ಈ ಅಭಾವ ಹಾಗೆಯೇ ಉಳಿದಿರುತ್ತದೆ.

ಒಪ್ಪಂದದ ಪಠ್ಯದಿಂದ ಆರಂಭ

ತಿದ್ದುಪಡಿಯನ್ನು ಎರಡನೆಯ ಕೊಂಡಿಯಿಂದ, ಅಂದರೆ ದಂಗೆ ಮತ್ತು ಸ್ವಾಧೀನದ ಸಂಬಂಧದಿಂದ ಆರಂಭಿಸಲು ಸೂಚಿಸಲಾಯಿತು. ಅದಕ್ಕೆ ಕಾರಣ ಸರಳ. ದಂಗೆಯ ಕಾರಣಗಳ ಬಗ್ಗೆ ಅಭಿಪ್ರಾಯಗಳು ಹಲವು, ಆದರೆ ಸ್ವಾಧೀನಕ್ಕೆ ಆಧಾರವಾಗಿ ತೋರಿಸಿದ ಒಪ್ಪಂದದ ಪಠ್ಯ ಒಂದೇ, ಅದನ್ನು ಯಾರು ಬೇಕಾದರೂ ಓದಬಹುದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯು ಐದು ವರ್ಷದ ಬಾಲಕನನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿ, ಅದೇ ಜುಲೈ ತಿಂಗಳಲ್ಲಿ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದವನ್ನು ಮಾಡಿಕೊಂಡಿತು. ಅದರಂತೆ ಸಂಸ್ಥಾನವು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಾಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು ಕಂತುಗಳಲ್ಲಿ ಪೊಗದಿಯಾಗಿ ಕೊಡಬೇಕಾಗಿತ್ತು. ಆಗ ಅಂದಾಜು ಮಾಡಿದ್ದ ಸಂಸ್ಥಾನದ ಆದಾಯದಲ್ಲಿ ಇದು ಅರ್ಧಕ್ಕಿಂತಲೂ ಹೆಚ್ಚಿನ ಭಾಗ. ಒಪ್ಪಂದದ ನಾಲ್ಕನೆಯ ವಿಧಿಯು, ಸೈನ್ಯದ ವೆಚ್ಚಕ್ಕೆ ಮೀಸಲಾದ ಹಣ ಬಾರದೆ ಹೋಗಬಹುದೆಂಬ ಆತಂಕಕ್ಕೆ ಕಾರಣವಿದ್ದರೆ ಗವರ್ನರ್ ಜನರಲ್‌ಗೆ ಸಂಸ್ಥಾನದ ಆಡಳಿತದಲ್ಲಿ ನಿಬಂಧನೆಗಳನ್ನು ತರುವ ಅಥವಾ ಅಗತ್ಯವಾದಷ್ಟು ಭಾಗವನ್ನು ನೇರವಾಗಿ ವಹಿಸಿಕೊಳ್ಳುವ ಅಧಿಕಾರವನ್ನು ಕೊಟ್ಟಿತ್ತು. ಹಾಗೆ ವಹಿಸಿಕೊಂಡಾಗಲೂ ರಾಜನಿಗೆ ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡಾ ಮತ್ತು ನಿವ್ವಳ ಆದಾಯದ ಐದನೆಯ ಒಂದು ಭಾಗ ಸಲ್ಲಬೇಕೆಂದು ಐದನೆಯ ವಿಧಿ ಹೇಳುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು, ಹಸ್ತಕ್ಷೇಪದ ಹಕ್ಕು ಹಣಕ್ಕೆ ಕಟ್ಟುಬಿದ್ದಿತ್ತು ಎಂಬುದು. ಪ್ರಜೆಗಳ ಸುಖದುಃಖ ವಿಚಾರಿಸಿ ಅಧಿಕಾರ ಕಸಿಯುವ ಹಕ್ಕನ್ನು ನಾಲ್ಕನೆಯ ವಿಧಿ ಕೊಟ್ಟಿರಲಿಲ್ಲ.

ವಿದ್ಯಾರ್ಥಿನಿಯ ಕೊನೆಯ ವಾಕ್ಯ ಬಿರುಕು ಬಿಟ್ಟದ್ದು ಇಲ್ಲಿ. ಪೊಗದಿ ನಿಂತುಹೋಗಿತ್ತೆ? ಇಲ್ಲ. ಇದನ್ನು ಹೇಳಲು ಮೈಸೂರಿನ ಅಭಿಮಾನಿಗಳ ಸಾಕ್ಷ್ಯ ಬೇಕಾಗಿಲ್ಲ, ಸ್ವತಃ ವಿಲಿಯಂ ಬೆಂಟಿಂಕನ ಮಾತೇ ಸಾಕು. 1831ರ ಸೆಪ್ಟೆಂಬರ್ 7ರ ಪತ್ರದಲ್ಲಿ ಆಡಳಿತವನ್ನು ಬಿಟ್ಟುಕೊಡುವಂತೆ ರಾಜನಿಗೆ ಬರೆದ ಅದೇ ಗವರ್ನರ್ ಜನರಲ್, 1834ರ ಏಪ್ರಿಲ್‌ನಲ್ಲಿ ಲಂಡನ್ನಿನ ನಿರ್ದೇಶಕರ ಮಂಡಳಿಗೆ ಬರೆಯುತ್ತ, ಪೊಗದಿಯನ್ನು ಭದ್ರಪಡಿಸಿಕೊಳ್ಳಲು ದೇಶವನ್ನು ವಹಿಸಿಕೊಳ್ಳುವುದಕ್ಕೆ ಒಪ್ಪಂದ ಅವಕಾಶ ಕೊಡುತ್ತದೆಯಾದರೂ ವಾಸ್ತವದಲ್ಲಿ ವಹಿಸಿಕೊಂಡದ್ದು ದುರಾಡಳಿತದ ಕಾರಣಕ್ಕಾಗಿ, ಪೊಗದಿಗೆ ತಕ್ಷಣದ ಅಪಾಯವೇನೂ ಇದ್ದಂತೆ ಕಾಣುವುದಿಲ್ಲ, ಆದ್ದರಿಂದ ನಡೆದದ್ದರ ಕಾನೂನುಬದ್ಧತೆ ಮತ್ತು ನ್ಯಾಯದ ಬಗ್ಗೆ ತನಗೇ ಸಂದೇಹವಿದೆ ಎಂಬ ಅರ್ಥದ ಮಾತುಗಳನ್ನು ಬರೆದನು. ಸಂಸ್ಥಾನದ ಒಂದು ಭಾಗವನ್ನು ಉಳಿಸಿಕೊಂಡು ಮಿಕ್ಕದ್ದನ್ನು ರಾಜನಿಗೆ ಹಿಂದಿರುಗಿಸಬೇಕೆಂಬ ಅವನ ಸಲಹೆಯನ್ನು ಮಂಡಳಿ ಒಪ್ಪಲಿಲ್ಲ.

ಇದರ ಜೊತೆಗೆ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಅಂಶ ಹೊರಡುತ್ತದೆ. ರೈತರ ಕೂಟಗಳು ಬಸವಾಪಟ್ಟಣ, ಹೊನ್ನಾಳಿ ಕಡೆಗಳಲ್ಲಿ ಸೇರಿದ್ದು 1830ರಲ್ಲಿ. ಕಂಪನಿಯ ಸೇನೆಯ ನೆರವಿನೊಂದಿಗೆ ನಗರ ಪಟ್ಟಣ ಮರಳಿ ಕೈವಶವಾದದ್ದು 1831ರ ಜೂನ್‌ನಲ್ಲಿ. ಬೆಂಟಿಂಕನ ಪತ್ರ ಬಂದದ್ದು ಆ ಬಳಿಕ, ಸೆಪ್ಟೆಂಬರ್‌ನಲ್ಲಿ. ಆಡಳಿತ ಹಸ್ತಾಂತರವಾದದ್ದು ಅಕ್ಟೋಬರ್‌ನಲ್ಲಿ. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ, ಮುಂದೆ ಮೈಸೂರಿನ ಕಮಿಷನರನಾದ ಮಾರ್ಕ್ ಕಬ್ಬನ್ ಕೂಡ ಸದಸ್ಯನಾಗಿದ್ದ ಸಮಿತಿಯು ವರದಿ ಕೊಟ್ಟದ್ದು 1833ರ ಕೊನೆಯಲ್ಲಿ. ಅಂದರೆ ಮೊದಲು ಶಿಕ್ಷೆ, ಆ ಮೇಲೆ ವಿಚಾರಣೆ. ದಂಗೆಯನ್ನು ಹತ್ತಿಕ್ಕುವ ತುರ್ತಿನಿಂದ ಸ್ವಾಧೀನ ನಡೆಯಿತು ಎಂಬ ವಿವರಣೆ ಈ ಕಾಲಾನುಕ್ರಮಕ್ಕೆ ಸುಲಭವಾಗಿ ಹೊಂದುವುದಿಲ್ಲ. ಪಠ್ಯಕ್ರಮದಲ್ಲಿ ತಾರೀಖುಗಳನ್ನು ಬಾಯಿಪಾಠದ ಸಾಮಗ್ರಿ ಎಂದು ತಿಳಿಯುವ ವಿದ್ಯಾರ್ಥಿಗಳಿಗೆ, ತಾರೀಖು ಒಂದು ವಾದವನ್ನು ಕೆಡವಬಲ್ಲದು ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ.

ಎರಡನೆಯ ಉತ್ತರ ಮತ್ತು ಅದರ ಅತಿರೇಕ

ಇಷ್ಟು ತಿಳಿದ ಮೇಲೆ ವಿದ್ಯಾರ್ಥಿನಿ ಬರೆದ ಎರಡನೆಯ ಉತ್ತರ ಇನ್ನೊಂದು ತುದಿಗೆ ಹಾರಿತು. ದುರಾಡಳಿತವೆಂಬುದು ಕಂಪನಿಯ ಕಟ್ಟುಕಥೆ, ರಾಜನು ನಿರಪರಾಧಿ, ದಂಗೆಯೇ ಬ್ರಿಟಿಷರ ಸಂಚು ಎಂಬ ಧಾಟಿ ಅದರಲ್ಲಿತ್ತು. ಹಳೆಯ ಮೈಸೂರಿನ ಕಡೆ ಈ ಧಾಟಿಗೆ ಓದುಗರ ಕೊರತೆಯಿಲ್ಲ. ಮುಮ್ಮಡಿಯವರು ಸಾಹಿತ್ಯ ಸಂಗೀತಗಳಿಗೆ ಕೊಟ್ಟ ಆಶ್ರಯವನ್ನು ನೆನೆಯುವವರಿಗೆ ಅವರ ಆಡಳಿತವನ್ನು ಟೀಕಿಸುವುದೆಂದರೆ ಅಪಚಾರವೆನಿಸುತ್ತದೆ. ಆದರೆ ಒಂದು ಗೈಡಿನ ತೀರ್ಪನ್ನು ಬಿಟ್ಟು ಅದರ ತಲೆಕೆಳಗಾದ ತೀರ್ಪನ್ನು ಹಿಡಿಯುವುದು ವಿಮರ್ಶೆಯಾಗುವುದಿಲ್ಲ. 1811ರಲ್ಲಿ ದಿವಾನ್ ಪೂರ್ಣಯ್ಯ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ದೊಡ್ಡ ಮೊತ್ತವಿತ್ತು, ಮುಂದಿನ ದಶಕಗಳಲ್ಲಿ ಅದು ಕರಗಿತು, ಸೈನಿಕರ ಸಂಬಳ ಬಾಕಿ ಬಿತ್ತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು ಹಣಕಾಸಿನ ವಿಷಯದಲ್ಲಿ ರಾಜನಿಗೆ ಎಚ್ಚರಿಕೆ ಕೊಟ್ಟಿದ್ದನು. ಕಬ್ಬನ್‌ನ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ರದ್ದುಪಡಿಸಲಾಯಿತೆಂದು ಲೂಯಿಸ್ ರೈಸ್‌ರ ಗೆಜೆಟಿಯರ್ ದಾಖಲಿಸುತ್ತದೆ. ರದ್ದುಪಡಿಸಬೇಕಾದರೆ ಅವು ಮೊದಲು ಇದ್ದಿರಲೇಬೇಕು.

ಶರತ್ತು ಪದ್ಧತಿಯನ್ನು ಮೊದಲ ಉತ್ತರ ಹೆಸರಿಸಿ ಮುಂದೆ ಸಾಗಿತ್ತು. ಎರಡನೆಯದು ಅದನ್ನು ಬಿಟ್ಟೇಬಿಟ್ಟಿತ್ತು. ವಾಸ್ತವವಾಗಿ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಬಿಡಿಸಿ ನೋಡಬೇಕು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ಎತ್ತಿಕೊಡುವೆನೆಂದು ಮುಚ್ಚಳಿಕೆ ಬರೆದುಕೊಡುತ್ತಿದ್ದನು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನ ಕೈಯಿಂದ. ಇಂಥ ಕರಾರಿನಲ್ಲಿ ಬೆಳೆ ಕೆಟ್ಟ ವರ್ಷವಾಗಲಿ ದರ ಕುಸಿದ ವರ್ಷವಾಗಲಿ ರಿಯಾಯಿತಿ ಕೊಡುವ ಅಮಲ್ದಾರನು ತನ್ನ ಮನೆಯ ಹಣವನ್ನೇ ಕೊಟ್ಟಂತಾಗುತ್ತಿತ್ತು. ಆದ್ದರಿಂದ ಅಮಲ್ದಾರನ ಸ್ವಭಾವ ಎಂಥದೇ ಇದ್ದರೂ ಪದ್ಧತಿಯೇ ಅವನನ್ನು ಬಲವಂತದ ವಸೂಲಿಯ ಕಡೆಗೆ ನೂಕುತ್ತಿತ್ತು. ಅರ್ಥಶಾಸ್ತ್ರದ ತರಗತಿಯಲ್ಲಿ ಪ್ರೋತ್ಸಾಹಕಗಳ ಬಗ್ಗೆ ಓದಿದ್ದ ವಿದ್ಯಾರ್ಥಿನಿಗೆ ಇತಿಹಾಸದ ಅಸೈನ್‌ಮೆಂಟಿನಲ್ಲಿ ಆ ಓದನ್ನು ಬಳಸಬಹುದೆಂದು ತೋಚಿರಲಿಲ್ಲ. ವಿಷಯಗಳನ್ನು ಬೇರೆಬೇರೆ ನೋಟ್‌ಪುಸ್ತಕಗಳಲ್ಲಿ ಬರೆದುಕೊಳ್ಳುವುದರ ಫಲವಿದು.

ಘಟ್ಟದ ಕೆಳಗಿನ ಸಾಕ್ಷ್ಯ

ಹಾಗಾದರೆ ದುರಾಡಳಿತವೇ ದಂಗೆಗೆ ಕಾರಣವೆಂದು ಒಪ್ಪಿಬಿಡಬಹುದೇ? ಮೊದಲ ಕೊಂಡಿಯನ್ನು ಪರೀಕ್ಷಿಸಲು ಒಂದು ಹೋಲಿಕೆ ಅಗತ್ಯವಾಗಿತ್ತು, ಅದು ನಗರದ ಪಕ್ಕದಲ್ಲಿಯೇ ಇತ್ತು. 1830–31ರಲ್ಲಿಯೇ ಘಟ್ಟದ ಕೆಳಗೆ, ಕೆನರಾ ಜಿಲ್ಲೆಯಲ್ಲಿ ರೈತರು ಕೂಟಗಳಾಗಿ ಸೇರಿ, ಕಂದಾಯ ಕೊಡುವುದಿಲ್ಲವೆಂದು ಕಚೇರಿಗಳ ಮುಂದೆ ನಿಂತರು. ಕೆನರಾ 1799ರಿಂದ ಕಂಪನಿಯ ನೇರ ಆಳ್ವಿಕೆಯಲ್ಲಿತ್ತು. ಅಲ್ಲಿ ಮುಮ್ಮಡಿ ಕೃಷ್ಣರಾಜರಿರಲಿಲ್ಲ, ಮೈಸೂರಿನ ಶರತ್ತು ಪದ್ಧತಿ ಇರಲಿಲ್ಲ, ಕಲೆಕ್ಟರನಿದ್ದನು, ಮನ್ರೋ ಹಾಕಿಕೊಟ್ಟ ಕಂದಾಯದ ಏರ್ಪಾಡಿತ್ತು. ಒಂದೇ ಅವಧಿಯಲ್ಲಿ, ಒಂದಕ್ಕೊಂದು ತಾಗಿಕೊಂಡ ಎರಡು ಪ್ರದೇಶಗಳಲ್ಲಿ, ಎರಡು ಬೇರೆ ಸರ್ಕಾರಗಳ ಅಡಿಯಲ್ಲಿ, ಒಂದೇ ಬಗೆಯ ಕೂಟಗಳು ಎದ್ದಿದ್ದರೆ, ಒಂದು ಸರ್ಕಾರದ ದೋಷವನ್ನಷ್ಟೇ ಕಾರಣವೆಂದು ಹೇಳುವುದು ಹೇಗೆ?

ಎರಡಕ್ಕೂ ಸಮಾನವಾದ ಅಂಶಗಳನ್ನು ಹುಡುಕಿದಾಗ ಮೊದಲು ಸಿಗುವುದು ಬೆಲೆ. 1820ರ ದಶಕದ ನಡುವಿನಿಂದ ದಕ್ಷಿಣ ಭಾರತದಲ್ಲಿ ಕೃಷಿ ಉತ್ಪನ್ನಗಳ ಬೆಲೆಗಳು ದೀರ್ಘಕಾಲ ಕುಸಿದವೆಂಬುದು ಮದರಾಸು ಪ್ರಾಂತ್ಯದ ಆರ್ಥಿಕ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಒಪ್ಪುವ ಸಂಗತಿ. ಕಂದಾಯವಾದರೋ ನಗದಿನಲ್ಲಿ ನಿಗದಿಯಾಗಿತ್ತು. ಇದರ ಲೆಕ್ಕವನ್ನು ವಿದ್ಯಾರ್ಥಿನಿಯೇ ಹಾಕಿದಳು: ಉದಾಹರಣೆಗೆ ಬತ್ತದ ದರ ಕಾಲು ಭಾಗ ಇಳಿದರೆ, ಮೊದಲಿನಷ್ಟೇ ಕಂದಾಯ ಕಟ್ಟಲು ರೈತನು ಮೊದಲಿಗಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು ಬತ್ತ ಮಾರಬೇಕು. ಕಂದಾಯದ ದರದಲ್ಲಿ ಒಂದು ಕಾಸೂ ಏರದೆ ಕಂದಾಯದ ಭಾರ ಏರುತ್ತದೆ. ನಗರ ಸೀಮೆಯ ಅಡಿಕೆ, ಮೆಣಸು, ಏಲಕ್ಕಿ ಹೊರಗಿನ ಪೇಟೆಗೆ ಹೋಗಿ ನಗದಾಗಬೇಕಾದ ಬೆಳೆಗಳಾದುದರಿಂದ ಅಲ್ಲಿಯ ಬೆಳೆಗಾರರಿಗೆ ಇದರ ಪೆಟ್ಟು ಇನ್ನೂ ನೇರವಾಗಿ ತಾಗುವಂಥದು. ಇದೇ ಲೆಕ್ಕವನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ದರೆ ಸಂಸ್ಥಾನಕ್ಕೂ ಅನ್ವಯಿಸುತ್ತದೆ: 24.5 ಲಕ್ಷದ ಪೊಗದಿಯೂ ನಗದಿನಲ್ಲಿ ನಿಗದಿಯಾಗಿತ್ತು, ಬೆಲೆ ಕುಸಿದಂತೆ ಅದರ ನಿಜವಾದ ಭಾರವೂ ಏರಿತು, ಆ ಭಾರವೇ ಶರತ್ತಿನ ಮೂಲಕ ಅಮಲ್ದಾರನಿಗೆ, ಅಮಲ್ದಾರನಿಂದ ಪಟೇಲನಿಗೆ, ಪಟೇಲನಿಂದ ರೈತನಿಗೆ ಇಳಿಯಿತು. ‘ರಾಜನ ದುರಾಡಳಿತ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರೆದಿದ್ದ ಹಲವು ಸಂಗತಿಗಳು ಈ ನೋಟದಲ್ಲಿ ಬೇರೆಯಾಗಿಯೇ ಕಾಣತೊಡಗಿದವು.

ನಗದಿನ ಕಂದಾಯದ ವಾದಕ್ಕೆ ಇನ್ನೊಂದು ಒತ್ತಾಸೆ 1837ರ ಅಮರಸುಳ್ಯದ ದಂಗೆಯಿಂದ ದೊರೆಯುತ್ತದೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿಯು ಅದಕ್ಕೆ ಸೇರಿದ್ದ ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ವರ್ಗಾಯಿಸಿತು. ಅಲ್ಲಿಯವರೆಗೆ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾಗಿ ಬಂದದ್ದು ಅಲ್ಲಿಯ ಅಸಮಾಧಾನದ ಪ್ರಮುಖ ಕಾರಣಗಳಲ್ಲಿ ಒಂದಾಗಿತ್ತು. ಮೂರೂ ಪ್ರಕರಣಗಳು ಒಂದೇ ಎನ್ನುವುದಕ್ಕಲ್ಲ, ನಗರವನ್ನು ಒಂಟಿಯಾಗಿ ನಿಲ್ಲಿಸಿ ವಿವರಿಸುವುದು ಕಷ್ಟ ಎನ್ನುವುದಕ್ಕಷ್ಟೇ ಈ ಉದಾಹರಣೆ.

ಇಷ್ಟಾದರೂ ಬೆಲೆಯೊಂದೇ ದಂಗೆ ಎಬ್ಬಿಸುವುದಿಲ್ಲ. ಮದರಾಸು ಪ್ರಾಂತ್ಯದ ಎಷ್ಟೋ ಜಿಲ್ಲೆಗಳಲ್ಲಿ ಬೆಲೆ ಕುಸಿದಿತ್ತು, ಎಲ್ಲೆಡೆಯೂ ಕೂಟಗಳು ಸೇರಲಿಲ್ಲ. ಇಲ್ಲಿ ಅಧಿಕಾರದ ಬಣಗಳ ಪ್ರಶ್ನೆ ಬರುತ್ತದೆ, ರಾಜ್ಯಶಾಸ್ತ್ರದ ವಿದ್ಯಾರ್ಥಿನಿಗೆ ಪರಿಚಿತವಾಗಿರಬೇಕಾದ ಪ್ರಶ್ನೆ. ನಗರದಲ್ಲಿ ಫೌಜುದಾರನಾಗಿದ್ದ, ಅಂದರೆ ಸೀಮೆಯ ಮುಖ್ಯಾಧಿಕಾರಿಯಾಗಿದ್ದ ರಾಮರಾಯನ ಬಂಧುಬಳಗ ಬಹುಕಾಲ ಕಂದಾಯದ ಹುದ್ದೆಗಳಲ್ಲಿ ಬೇರೂರಿತ್ತು. ಅವನ ಬಳಿಕ ವೀರರಾಜ ಅರಸು ಬಂದು ಹಿಂದಿನ ರಿಯಾಯಿತಿಗಳನ್ನು ಮರುಪರಿಶೀಲಿಸಲು ಹೊರಟಾಗ ಹಳೆಯ ಬಣಕ್ಕೆ ದಂಗೆ ಬೇಕಾಗಿತ್ತೆಂಬುದು ಸಮಕಾಲೀನ ಆಪಾದನೆ. ಕೆನರಾದಲ್ಲಿಯೂ ಕಚೇರಿಯ ನೌಕರರ ಒಳಜಗಳ ಕೂಟಗಳಿಗೆ ಕುಮ್ಮಕ್ಕು ಕೊಟ್ಟಿತೆಂದು ಕಂಪನಿಯದೇ ವಿಚಾರಣೆ ಹೇಳಿತು. ಅದಲ್ಲದೆ ನಗರ ಸೀಮೆಗೆ ತನ್ನದೇ ಆದ ರಾಜಕೀಯ ನೆನಪಿತ್ತು. ಹೈದರಾಲಿ 1763ರಲ್ಲಿ ಬಿದನೂರನ್ನು ಗೆಲ್ಲುವವರೆಗೆ ಅದು ಕೆಳದಿ ಅರಸರ ನಾಡು, ‘ಶಿಸ್ತು’ ಎಂದು ಕರೆಯಲಾಗುವ ಶಿವಪ್ಪ ನಾಯಕನ ಕಂದಾಯ ನಿಗದಿ ನ್ಯಾಯವಾದ ಕಂದಾಯದ ಅಳತೆಗೋಲಾಗಿ ಜನರ ಬಾಯಲ್ಲಿ ಉಳಿದಿತ್ತು. ಬೂದಿ ಬಸವಪ್ಪನು ನಿಜವಾಗಿ ಯಾರೆಂಬುದಕ್ಕಿಂತ, ಆ ವಂಶದ ಹೆಸರು ಹೇಳಿದರೆ ಪಟೇಲರೂ ರೈತರೂ ಹಿಂದೆ ಬರುತ್ತಿದ್ದರು ಎಂಬುದು ಮುಖ್ಯ. ಮೊದಲ ಉತ್ತರ ಅವನನ್ನು ‘ವಂಚಕ’ ಎಂದು ಒಂದು ಸಾಲಿನಲ್ಲಿ ತಳ್ಳಿಹಾಕಿತ್ತು, ಎರಡನೆಯದು ‘ಸ್ವಾತಂತ್ರ್ಯ ಹೋರಾಟಗಾರ’ ಎಂದು ಏರಿಸಿತ್ತು. ಎರಡೂ ಪದಗಳು ವಿವರಣೆಯ ಜಾಗದಲ್ಲಿ ಕುಳಿತ ಬಿರುದುಗಳು.

ಆಕರಗಳ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ನಗರದ ರೈತರ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಕಾಸಾಮೇಜರನ ಕಚೇರಿಯ ಪತ್ರಗಳು, 1833ರ ಸಮಿತಿಯ ವರದಿ, ಅವುಗಳನ್ನು ಆಧರಿಸಿದ ಗೆಜೆಟಿಯರುಗಳ ಮೂಲಕ ಬಂದದ್ದು. ಸಮಿತಿಯ ಸದಸ್ಯರು ಈಗಾಗಲೇ ನಡೆದುಹೋದ ಸ್ವಾಧೀನವನ್ನು ವಿವರಿಸಬೇಕಾದ ಸ್ಥಾನದಲ್ಲಿದ್ದರು, ಕಬ್ಬನ್ ಮುಂದೆ 1834ರಿಂದ 1861ರವರೆಗೆ ಅದೇ ಮೈಸೂರಿನ ಕಮಿಷನರನಾಗಿ ಆಳಿದನು. ಇದರಿಂದ ವರದಿ ಸುಳ್ಳಾಗುವುದಿಲ್ಲ. ಆದರೆ ವರದಿಯಲ್ಲಿ ಅಮಲ್ದಾರರ ಹೆಸರುಗಳು ತುಂಬಿರುವುದಕ್ಕೂ ಪೊಗದಿಯ ಭಾರ ಹಿನ್ನೆಲೆಗೆ ಸರಿಯುವುದಕ್ಕೂ ಬರೆದವರ ಸ್ಥಾನಕ್ಕೂ ಸಂಬಂಧವಿದೆಯೇ ಎಂದು ಕೇಳುವ ಹಕ್ಕು ಓದುಗರಿಗಿದೆ.

ಮೂರನೆಯ ರೂಪ

ವಿದ್ಯಾರ್ಥಿನಿಯ ಕೊನೆಯ ಉತ್ತರ ಮೊದಲನೆಯದಕ್ಕಿಂತ ಚಿಕ್ಕದಾಗಿತ್ತು. ಶೀರ್ಷಿಕೆಗಳ ಪಟ್ಟಿ ಹೋಗಿತ್ತು. ಆರಂಭದಲ್ಲಿಯೇ ಅವಳು ಪ್ರಶ್ನೆಯ ಎರಡು ಕೊಂಡಿಗಳನ್ನು ಬೇರ್ಪಡಿಸಿ, ದಂಗೆಗೆ ದುರಾಡಳಿತವು ಅಗತ್ಯವಾದ ಆದರೆ ಸಾಲದ ಕಾರಣವೆಂದೂ, ಸ್ವಾಧೀನಕ್ಕೆ ದಂಗೆಯು ಕಾರಣಕ್ಕಿಂತ ಹೆಚ್ಚಾಗಿ ಸಂದರ್ಭವಾಗಿ ಒದಗಿತೆಂದೂ ತನ್ನ ನಿಲುವನ್ನು ಹೇಳಿದಳು. ಅದಕ್ಕೆ ಆಧಾರವಾಗಿ ಒಪ್ಪಂದದ ನಾಲ್ಕನೆಯ ವಿಧಿ, ತಾರೀಖುಗಳ ಸಾಲು, ಬೆಂಟಿಂಕನ 1834ರ ಪತ್ರ, ಕೆನರಾದ ಹೋಲಿಕೆ, ಶರತ್ತಿನ ಒಳಗಿನ ಲೆಕ್ಕ ಇವುಗಳನ್ನು ಬಳಸಿದಳು. ಬರ್ಮಾ ಯುದ್ಧದ ಬಳಿಕ ಕೊರತೆಯಲ್ಲಿದ್ದ ಕಂಪನಿಯ ಹಣಕಾಸನ್ನು ಸರಿಪಡಿಸುವ ಹೊಣೆ ಹೊತ್ತಿದ್ದ ಗವರ್ನರ್ ಜನರಲ್‌ಗೆ ‘ಮುಂದೆ ಪೊಗದಿ ನಿಲ್ಲಬಹುದು’ ಎಂಬ ಆತಂಕ ವಾಸ್ತವವಾಗಿಯೇ ಇದ್ದಿರಬಹುದು ಎಂಬ ಎದುರು ವಾದವನ್ನೂ ಒಂದು ಪ್ಯಾರಾದಲ್ಲಿ ಇಟ್ಟಳು. ಈ ಎದುರು ವಾದಕ್ಕೆ ತೂಕವಿದೆ, ಏಕೆಂದರೆ ಒಪ್ಪಂದದ ಮಾತು ಬಾಕಿಯ ಬಗ್ಗೆಯಲ್ಲ, ಬಾಕಿ ಬೀಳಬಹುದೆಂಬ ಆತಂಕದ ಬಗ್ಗೆ.

ಅವಳ ಉತ್ತರದಲ್ಲಿ ದುರ್ಬಲವಾಗಿ ಉಳಿದದ್ದು ಬೆಲೆಯ ಭಾಗ. ಮದರಾಸು ಪ್ರಾಂತ್ಯದ ಬೆಲೆ ಕುಸಿತವನ್ನು ಅವಳು ಘಟ್ಟದ ಮೇಲಿನ ನಗರಕ್ಕೆ ವಿಸ್ತರಿಸಿದ್ದಳು, ಆದರೆ ನಗರ ಸೀಮೆಯ ಅಡಿಕೆ ಮೆಣಸುಗಳ ಆಯಾ ವರ್ಷದ ದರಗಳ ಸಾಲು ಅವಳ ಕೈಯಲ್ಲಿರಲಿಲ್ಲ. ಮಲೆನಾಡಿನ ಪೇಟೆ ಕರಾವಳಿಯ ಬಂದರುಗಳಿಗೆ ಕೂಡಿಕೊಂಡಿದ್ದುದರಿಂದ ಈ ವಿಸ್ತರಣೆ ಸಂಭವನೀಯ, ಸಿದ್ಧಪಟ್ಟದ್ದಲ್ಲ. ಅಲ್ಲಿ ‘ಆದ್ದರಿಂದ’ ಎಂದಿದ್ದುದನ್ನು ತೆಗೆದು ‘ಇದೇ ಪರಿಸ್ಥಿತಿ ನಗರದಲ್ಲಿಯೂ ಇದ್ದಿದ್ದರೆ’ ಎಂದು ತಿದ್ದಲು ಹೇಳಲಾಯಿತು, ಅವಳು ತಿದ್ದಿದಳು. ಮೌಲ್ಯಮಾಪಕರು ಆ ವಾಕ್ಯದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ದರಪಟ್ಟಿ?’ ಎಂದು ಬರೆದಿದ್ದರು.